ಎರಡಡಿ ಪೆಟ್ಟಿಗೆಗೆ ಯಾವ ಹಲ್ಲಿ?

ಪುಟ್ಟ ಜೀವವನ್ನು ಸಣ್ಣ ಜಾಗದಲ್ಲಿ ಬದುಕಿಸುವ ವಿದ್ಯೆಯನ್ನು ರಾಮನಗರದ ಸುತ್ತಮುತ್ತ ರೇಷ್ಮೆ ಸಾಕುವವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಳೆಯ ಚಾಕಿ ಹುಳುವಿಗೆ 27-28 ಡಿಗ್ರಿ ಸೆಲ್ಸಿಯಸ್ ಶಾಖ, ಶೇ 80ರಿಂದ 90ರಷ್ಟು ತೇವ. ಹುಳು ದೊಡ್ಡದಾದಂತೆ ಶಾಖ 24-25 ಡಿಗ್ರಿಗೆ, ತೇವ ಶೇ 70ರ ಆಸುಪಾಸಿಗೆ ಇಳಿಯಬೇಕು. ಬಿಸಿಲು ಜಾಸ್ತಿಯಾದರೆ ಕಿಟಕಿಗೆ ನೆನೆಸಿದ ಗೋಣಿತಾಟು ಬೀಳುತ್ತದೆ. ಹುಳು ಮನೆಯ ಆ ಮೂಲೆಗೂ ಈ ಮೂಲೆಗೂ ಒಂದೇ ಹದ ಇರಬೇಕು, ಅಷ್ಟೇ. ಸಾವಿರಾರು ವರ್ಷ ಮನುಷ್ಯನ ಆಸರೆಯಲ್ಲೇ ಬೆಳೆದ ಆ ಹುಳು ಸೊಪ್ಪಿರುವ ತಟ್ಟೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಹಲ್ಲಿ, ಓತಿಕ್ಯಾತದ ಬಳಗವನ್ನು ಸಾಕಲು ಹೊರಟವರು ಮೊದಲು ಮರೆಯಬೇಕಾದದ್ದು ಈ ಒಂದೇ ಹದದ ಲೆಕ್ಕವನ್ನೇ. ‘ಎರಡಡಿ ಗಾಜಿನ ಪೆಟ್ಟಿಗೆ ಇದೆ, ಯಾವ ಹಲ್ಲಿ ತರಲಿ?’ ಎಂದು ಕೇಳುವವರು ಜಾಗವನ್ನು ಅಡಿಯಲ್ಲಿ ಅಳೆಯುತ್ತಾರೆ. ಹಲ್ಲಿ ಅಳೆಯುವುದು ಡಿಗ್ರಿಯಲ್ಲಿ. ಅದರ ಮೈ ನಮ್ಮ ಮೈಯಂತೆ ಒಳಗಿನಿಂದ ಬೆಚ್ಚಗಾಗದು. ಬೇಕಾದ ಶಾಖವನ್ನು ಹೊರಗಿನಿಂದ ಪಡೆಯಬೇಕು, ಹೆಚ್ಚಾದಾಗ ನೆರಳಿಗೆ ಸರಿಯಬೇಕು. ತಿಂದದ್ದು ಅರಗುವುದು, ಓಡುವ ಕಾಲಿಗೆ ಕಸುವು ಬರುವುದು, ರೋಗದ ವಿರುದ್ಧ ಮೈ ಸೆಣಸುವುದು ಎಲ್ಲವೂ ಈ ಓಡಾಟವನ್ನೇ ನಂಬಿವೆ. ಒಂದೇ ಹದದ ಪೆಟ್ಟಿಗೆಯಲ್ಲಿಟ್ಟರೆ ಹಲ್ಲಿ ತಕ್ಷಣ ಸಾಯುವುದಿಲ್ಲ, ತಿಂಗಳುಗಟ್ಟಲೆ ಸೊರಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಏಪ್ರಿಲ್, ಮೇ ತಿಂಗಳ ಬೆಳಿಗ್ಗೆ ರಾಮನಗರ, ಮಾಗಡಿ ಸುತ್ತಿನ ಯಾವುದಾದರೂ ಬೋಳು ಬಂಡೆಯ ಹತ್ತಿರ ನಿಲ್ಲಬೇಕು. ಕನಕಪುರದ ಕಡೆಯವರಿಗೆ ಕಬ್ಬಾಳು ದುರ್ಗವೇ ಇದೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯನ್ನೇ ಹೊತ್ತ ಇಲ್ಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದು ಪದರ ಪದರವಾಗಿ ಸುಲಿಯುತ್ತದೆ, ಪದರಗಳ ನಡುವೆ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಬಂಡೆ ಓತಿಯ ಮನೆ ಆ ಸಂದು. ಎಳೆ ಬಿಸಿಲಲ್ಲಿ ಹೊರಬಂದ ಓತಿ ಕಲ್ಲಿಗೆ ಹೊಟ್ಟೆ ತಾಗಿಸಿ ಚಪ್ಪಟೆಯಾಗಿ ಮಲಗುತ್ತದೆ. ಕಲ್ಲು ಕಾದಂತೆ ನಾಲ್ಕು ಕಾಲೂರಿ ಮೈ ಎತ್ತುತ್ತದೆ. ಬರಿಗಾಲು ಇಡಲಾಗದಷ್ಟು ಕಾದಾಗ ಸಂದಿಗೆ ನುಗ್ಗಿ, ಬಿಸಿಲು ಓರೆಯಾದ ಮೇಲೆ ಮತ್ತೆ ಮೇಲೆ ಬರುತ್ತದೆ. ಎರಡು ಮಾರು ಬಂಡೆಯೊಳಗೇ ಅದಕ್ಕೆ ಹತ್ತಾರು ಹವೆ ಸಿಗುತ್ತವೆ.

ಹೆಣ್ಣು ಕಲ್ಲಿನ ಬಣ್ಣದ್ದು, ಕದಲದಿದ್ದರೆ ಕಾಣುವುದೇ ಇಲ್ಲ. ಸಾಕಬೇಕೆಂಬ ಆಸೆ ಹುಟ್ಟಿಸುವುದು ಮರಿ ಮಾಡುವ ಕಾಲದ ಗಂಡಿನ ಬಣ್ಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನುರಾಧಾ ಬಟಬ್ಯಾಲ್ ಮತ್ತು ಮಾರಿಯಾ ಠಾಕರ್ 2017ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಣ್ಣದ ಗುಟ್ಟನ್ನು ಬಿಡಿಸಿತು. ಹೆಣ್ಣು ಎದುರಾದರೆ ಗಂಡಿನ ಬೆನ್ನು ಕಡುಗೆಂಪು, ಪಕ್ಕೆ ಕಪ್ಪು. ಇನ್ನೊಂದು ಗಂಡು ಎದುರಾದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಒಲಿಸುವಾಗಿನ ಬಣ್ಣ ಹೆಚ್ಚು ಎದ್ದು ಕಾಣುತ್ತದೆ, ಜಗಳದ ಬಣ್ಣ ಬೇಗ ಏರುತ್ತದೆ. ಅಂದರೆ ಬಣ್ಣ ಓತಿಯ ಆಸ್ತಿಯಲ್ಲ, ಅದರ ಮಾತು. ಎದುರಿಗೆ ಯಾರೂ ಇಲ್ಲದ ಪೆಟ್ಟಿಗೆಯಲ್ಲಿ ಅದು ಮಾತಾಡುವುದಾದರೂ ಯಾರೊಡನೆ? ಕೆಂಪು ಕಂಡು ಹಿಡಿದು ತಂದವರಿಗೆ ಮನೆಯಲ್ಲಿ ಮಾಸಲು ಪ್ರಾಣಿಯೊಂದು ಸಿಗುತ್ತದೆ. ಮಾಸದ ಬಣ್ಣವೇ ಬೇಕಿದ್ದರೆ ಚನ್ನಪಟ್ಟಣದಲ್ಲಿ ಅರಗು ಬಳಿದ ಆಲೆ ಮರದ ಗೊಂಬೆ ಕೊಳ್ಳಬಹುದು.

ಅದೇ ಇಬ್ಬರು 2019ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಎರಡು ಅಡಗುತಾಣ ಕೊಟ್ಟು ಒಂದನ್ನು ಮಾತ್ರ ಸುರಕ್ಷಿತವಾಗಿಟ್ಟಾಗ, ಊರಂಚಿನ ಓತಿಗಳು ಹಳ್ಳಿಗಾಡಿನವಕ್ಕಿಂತ ಬೇಗ ಸರಿಯಾದ ತಾಣ ಕಲಿತವು. ‘ಹಲ್ಲಿಗೇನು ಗೊತ್ತಾಗುತ್ತೆ’ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಕಾನೂನಿನ ಮಾತೂ ಇದೆ. ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ 2012ರಿಂದ ರಣಹದ್ದು ವನ್ಯಧಾಮ, ಅಲ್ಲಿಂದ ಯಾವ ಪ್ರಾಣಿಯನ್ನೂ ಎತ್ತುವಂತಿಲ್ಲ. ಇನ್ನು ಉಡ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ. ಹಿಡಿದರೆ ಮೂರರಿಂದ ಏಳು ವರ್ಷ ಜೈಲು.

ಹಾಗಾದರೆ ಅಂಗಡಿಯ ವಿದೇಶಿ ಹಲ್ಲಿ? ಹಸಿರು ಇಗುವಾನಾವನ್ನು ಅಂಗೈಯಗಲದ ಮರಿಯಾಗಿ ಮಾರುತ್ತಾರೆ, ಕೆಲವೇ ವರ್ಷದಲ್ಲಿ ಬಾಲ ಸೇರಿ ಐದಡಿ ಬೆಳೆಯುತ್ತದೆ. ಅದಕ್ಕೆ ಬೇಕಾದ್ದು ಪೆಟ್ಟಿಗೆಯಲ್ಲ, ಒಂದು ಕೋಣೆ. ಗಡ್ಡದ ಓತಿ ಎನ್ನಬಹುದಾದ ಆಸ್ಟ್ರೇಲಿಯಾದ ಬಿಯರ್ಡೆಡ್ ಡ್ರಾಗನ್ ಸೌಮ್ಯ ಪ್ರಾಣಿ. ಆದರೆ ಅದಕ್ಕೆ ನಾಲ್ಕಡಿ ಉದ್ದದ ಗೂಡು, ಒಂದು ತುದಿಯಲ್ಲಿ 40 ಡಿಗ್ರಿಯ ಬಿಸಿಲು, ಜೊತೆಗೆ ನೇರಳಾತೀತ ದೀಪ ಬೇಕು. ಪೆಟ್ಟಿಗೆಯನ್ನು ಕಿಟಕಿಗೆ ಆನಿಸಿಟ್ಟರೆ ಸಾಲದೇ? ಸಾಲದು. ಮೂಳೆಗೆ ಬೇಕಾದ ಡಿ ವಿಟಮಿನ್ ಹುಟ್ಟಿಸುವ ಕಿರಣವನ್ನು ಗಾಜು ತಡೆಯುತ್ತದೆ, ಬಿಸಿಯನ್ನು ಮಾತ್ರ ಒಳಗೆ ಬಿಟ್ಟು ಕೂಡಿಹಾಕುತ್ತದೆ. ಮೂಳೆ ಮೆತ್ತಗಾಗಿ ದವಡೆ ಸೊಟ್ಟಗಾಗುವ ರೋಗ ಬರುವುದು ಹೀಗೆ.

ಸಣ್ಣ ಜಾಗಕ್ಕೆ ಇದ್ದುದರಲ್ಲಿ ಒಗ್ಗುವುದು ಲೆಪರ್ಡ್ ಗೆಕ್ಕೊ, ಚಿರತೆ ಚುಕ್ಕೆಯ ನೆಲದ ಹಲ್ಲಿ. ಒಂದು ಗೇಣು ಉದ್ದ, ಸಂಜೆ ಮೇಲೆ ಓಡಾಟ, ಕಣ್ಣಿಗೆ ರೆಪ್ಪೆ ಉಂಟು, ಕೊಬ್ಬು ತುಂಬಿದ ದಪ್ಪ ಬಾಲ. ಪಾದದಲ್ಲಿ ಅಂಟುವ ಪದರವಿಲ್ಲದ್ದರಿಂದ ಗಾಜು ಹತ್ತಲಾರದು. ಹಾಗಾಗಿ ಗೂಡಿನ ಎತ್ತರಕ್ಕಿಂತ ನೆಲದ ಅಳತೆ ಮುಖ್ಯ. ಅದಕ್ಕೂ ಎರಡಡಿ ಸಾಲದು, ಮೂರಡಿ ಉದ್ದ ಒಂದೂವರೆ ಅಡಿ ಅಗಲ ಬೇಕು. ಬೆಚ್ಚನೆಯ ತುದಿಯ ನೆಲ 32 ಡಿಗ್ರಿ, ಇನ್ನೊಂದು ತುದಿ 25ರ ಸುಮಾರು, ಎರಡೂ ಕಡೆ ಅಡಗಲು ಒಡೆದ ಮಡಕೆಯ ಚೂರು. ತೇವವಿರುವ ಇನ್ನೊಂದು ಗೂಡೂ ಇರಲಿ. ಪೊರೆ ಸರಿಯಾಗಿ ಕಳಚದೆ ಬೆರಳಿಗೆ ದಾರದಂತೆ ಸುತ್ತಿಕೊಂಡರೆ ಬೆರಳೇ ಉದುರುತ್ತದೆ. ವಿದೇಶಿ ಪುಸ್ತಕಗಳೆಲ್ಲ ಗೂಡು ಕಾಯಿಸುವ ಬಗೆಯನ್ನೇ ಹೇಳುತ್ತವೆ. ನಮ್ಮ ಬೇಸಿಗೆಯಲ್ಲಿ ಆರ್‌ಸಿಸಿ ಛಾವಣಿಯ ಕೆಳಗೆ ಕಷ್ಟವಾಗುವುದು ಆ ತಂಪು ತುದಿಯನ್ನು ಉಳಿಸಿಕೊಳ್ಳುವುದು. ಚಳಿಗಾಲದಲ್ಲಿ ರಾತ್ರಿ ಕರೆಂಟ್ ಹೋದರೆ ತೊಂದರೆ ತಿರುಗುಮುರುಗು, ತಿಂದ ಹುಳು ಹೊಟ್ಟೆಯಲ್ಲೇ ಅರಗದೆ ಉಳಿಯುತ್ತದೆ.

ಮೇವಿನ ವಿಷಯದಲ್ಲಿ ಈ ಸೀಮೆಯವರು ಪುಣ್ಯವಂತರು. ವಿದೇಶದಲ್ಲಿ ಹಲ್ಲಿ ಸಾಕುವವರು ರೇಷ್ಮೆ ಹುಳುವನ್ನು ದುಡ್ಡು ಕೊಟ್ಟು ತರಿಸುತ್ತಾರೆ, ಮೆತ್ತಗಿನ ಒಳ್ಳೆಯ ಆಹಾರ ಅದು. ಇಲ್ಲಿ ಕೇಳಿ ತರಬಹುದು. ಆದರೆ ರೋಗ ಬಿದ್ದ ಹುಳುವಾಗಲಿ, ಸುಣ್ಣ, ಸೋಂಕುನಿವಾರಕ ‘ವಿಜೇತ’ ಪುಡಿ ಎರಚಿದ ಹಾಸಿಗೆಯ ಹುಳುವಾಗಲಿ ಬೇಡ. ಹುಳು ಮನೆಗೆ ಹಲ್ಲಿ ಶತ್ರು ಎಂಬುದೂ ನೆನಪಿರಲಿ, ಗೂಡನ್ನು ಅಲ್ಲಿಂದ ದೂರ ಇಡಿ. ಚಿಮ್ಮಂಡೆ ಕೊಡುವಾಗ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಬೇಕು. ಗೂಡು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು, ಇವುಗಳ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಇರುತ್ತದೆ, ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಇದು ಹೇಳಿಸಿದ್ದಲ್ಲ. ಚಿರತೆ ಚುಕ್ಕೆ ಹಲ್ಲಿ ಹದಿನೈದಿಪ್ಪತ್ತು ವರ್ಷ ಬದುಕುವ ಪ್ರಾಣಿ. ಎಸ್ಸೆಸ್ಸೆಲ್ಸಿ ಹುಡುಗನಿಗೆ ತಂದುಕೊಟ್ಟರೆ ಅವನ ಮದುವೆಯ ಹೊತ್ತಿಗೂ ಇರುತ್ತದೆ, ನೋಡಿಕೊಳ್ಳುವ ಕೆಲಸ ಅಮ್ಮನ ಪಾಲಿಗೆ ಬಂದಿರುತ್ತದೆ.

ಎಲ್ಲಿಂದ ಬಂತು ಎಂಬ ಪ್ರಶ್ನೆ ಬೆಲೆಗಿಂತ ದೊಡ್ಡದು. 2023ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನ ಸೂಟ್‌ಕೇಸಿನಲ್ಲಿ ಬೆಂಗಳೂರು ಕಸ್ಟಮ್ಸ್‌ನವರು 234 ಪ್ರಾಣಿ ಹಿಡಿದರು. ಇಗುವಾನಾ, ಗೋಸುಂಬೆ, ಹೆಬ್ಬಾವು, ಉಸಿರುಗಟ್ಟಿ ಸತ್ತ ಕಾಂಗರೂ ಮರಿ, ಎಲ್ಲ ಅದರೊಳಗೇ. ಇಗುವಾನಾದಂಥ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣ ಪಟ್ಟಿಯ ಪ್ರಾಣಿಗಳನ್ನು 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಚಿರತೆ ಚುಕ್ಕೆ ಹಲ್ಲಿಯ ಹತ್ತಿರದ ನಂಟರು ಭಾರತದ ಕಾಡಿನಲ್ಲೂ ಇರುವುದರಿಂದ, ಅಂಗಡಿಯವನ ಮಾತು ನಂಬದೆ ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸುವುದು ಲೇಸು.

ಇಷ್ಟೆಲ್ಲ ಕೇಳಿದ ಮೇಲೂ ಹಲ್ಲಿ ಬೇಕೇ ಬೇಕು ಎನ್ನುವವರಿಗೆ ನನ್ನ ಆಯ್ಕೆ ಗೋಡೆಯ ಹಲ್ಲಿ. ಪೆಟ್ಟಿಗೆ ಬೇಡ. ಟ್ಯೂಬ್‌ಲೈಟಿನ ಬುಡ ಬೆಚ್ಚಗೆ, ಕ್ಯಾಲೆಂಡರಿನ ಹಿಂದೆ ತಂಪು, ಹುಳು ತಾನಾಗಿ ಬರುತ್ತದೆ. ಬೆರಳಡಿಯ ಲಕ್ಷಗಟ್ಟಲೆ ಸೂಕ್ಷ್ಮ ಕೂದಲು ಅಂಟಿಲ್ಲದೆ, ಅಣುಗಳ ನಡುವಿನ ಸೆಳೆತದಿಂದಲೇ ಅದನ್ನು ಛಾವಣಿಗೆ ಹಿಡಿದಿಡುತ್ತದೆ. ಬೀರು ಸರಿಸುವಾಗ ಕಡಲೆಕಾಳಿನ ಗಾತ್ರದ ಎರಡು ಬಿಳಿ ಮೊಟ್ಟೆ ಸಿಕ್ಕರೆ ಗುಡಿಸಿ ಹಾಕಬೇಡಿ. ಅಲ್ಲೇ ಬಿಟ್ಟರೆ ಒಂದೂವರೆ ಎರಡು ತಿಂಗಳಲ್ಲಿ ಮರಿಯಾಗುತ್ತವೆ.