ಕಥೆಯ ಪಾತ್ರಗಳೂ ಅವುಗಳ ರೂಪವರ್ಣನೆಯೂ

ಕಾದಂಬರಿಯನ್ನು ಕೈಗೆತ್ತಿಕೊಂಡ ವಾಚಕರಿಗೆ ಮೊದಲನೆಯ ಅಧ್ಯಾಯದಲ್ಲಿಯೇ ನಾಯಿಕೆಯ ದರ್ಶನವಾಗುವುದು ವಾಡಿಕೆ. ಹುಬ್ಬು, ಕಣ್ಣು, ಮೂಗು, ಜಡೆ, ಸೀರೆಯ ಅಂಚು, ಕಾಲಿನ ಗೆಜ್ಜೆ, ಹೀಗೆ ಪುಟವೊಂದು ತುಂಬುವವರೆಗೆ ಗ್ರಂಥಕರ್ತರು ಲೇಖನಿಯನ್ನು ಕೆಳಗಿಡುವುದಿಲ್ಲ. ಹತ್ತು ಪುಟಗಳಾಚೆ ಆ ಮೂಗು ಎಂತಹುದೆಂದು ಕೇಳಿದರೆ ನಾವು ನಿರುತ್ತರರು. ಇದು ಹಳೆಯ ಕಾವ್ಯಗಳಿಂದ ಬಂದ ಸೊತ್ತು. ದೇವತೆಗಳನ್ನು ಪಾದದಿಂದ ಮುಡಿಯವರೆಗೂ, ಮನುಷ್ಯರನ್ನು ಮುಡಿಯಿಂದ ಪಾದದವರೆಗೂ ಬಣ್ಣಿಸಬೇಕೆಂದು ಹಿಂದಿನವರು ನಿಯಮವನ್ನೇ ಮಾಡಿಕೊಂಡಿದ್ದರು. ಅಲ್ಲಿ ವರ್ಣನೆಯು ಪೂಜೆಯ ಒಂದು ಅಂಗ. ಕಾದಂಬರಿಯಲ್ಲಿ ಪೂಜೆಗೆ ಸ್ಥಳವೆಲ್ಲಿ?

ಕೊಳ್ಳೇಗಾಲದ ಸೀಮೆಯ ಕುಂತೂರಿನ ಕಡೆಗೆ ವಾಚಕರನ್ನು ಕರೆದೊಯ್ಯುತ್ತೇವೆ. ಮಲೆಯ ಮಾದಪ್ಪನು ಎಪ್ಪತ್ತೇಳು ಮಲೆಗೆ ಹೋಗುವ ಮುನ್ನ ಈ ಊರಿನ ಮಠದಲ್ಲಿದ್ದನೆಂಬುದು ಜನರ ನಂಬಿಕೆ. ಆತನ ಕಥೆಯನ್ನು ಹಾಡುವ ದೇವರಗುಡ್ಡರು ಕಂಸಾಳೆಯ ಗತ್ತಿಗೆ ಸಂಕಮ್ಮನ ಸಾಲನ್ನು ಎತ್ತಿಕೊಂಡರೆಂದರೆ ಹೆಂಗಸರು ನಿದ್ರೆಯನ್ನು ಮರೆತು ಕುಳಿತುಬಿಡುವರು. ಕಾಡಿಗೆ ಹೊರಟ ನೀಲೇಗೌಡನು ಹೆಂಡತಿಯ ಶೀಲವನ್ನು ಶಂಕಿಸಿ, ಬಲಗೈ ಭಾಷೆ ಕೊಡೆಂದು ಹಟ ಹಿಡಿಯುವನು, ಆಕೆ ಕೊಡಲೊಲ್ಲಳು, ಅದಕ್ಕಾಗಿ ಪಡಬಾರದ ಪಾಡು ಪಡುವಳು. ಗುಡ್ಡರು ಆಕೆಯ ಚೆಲುವನ್ನು ಎಷ್ಟೇ ಕೊಂಡಾಡಲಿ, ಕೇಳಿದವರ ಮನಸ್ಸಿನಲ್ಲಿ ನಿಲ್ಲುವುದು ಚಾಚದೆ ಉಳಿದ ಆ ಬಲಗೈ ಒಂದೇ. ಮುಖವನ್ನು ಕೇಳುವವರೇ ತಂದುಕೊಳ್ಳುವರು. ಒಬ್ಬಾಕೆಗೆ ಅದು ಮಗಳ ಮುಖ, ಇನ್ನೊಬ್ಬಾಕೆಗೆ ತನ್ನದೇ.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು. ಚೋಮನ ಮೈಕಟ್ಟನ್ನು ಮರೆತವರೂ ಅವನ ದುಡಿಯ ಸದ್ದನ್ನು ಮರೆಯರು. 1975ರಲ್ಲಿ ಅದು ಚಲನಚಿತ್ರವಾಗಿ, ವಾಸುದೇವರಾಯರು ಚೋಮನ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಚಿತ್ರವನ್ನು ಕಂಡ ಮೇಲೆ ಪುಸ್ತಕ ತೆರೆದರೆ ಅವರ ಮುಖವೇ ಎದುರಿಗೆ ನಿಲ್ಲುವುದು. ಅಭಿನಯ ಉತ್ತಮವೇ, ಆದರೂ ನಾವು ಕಲ್ಪಿಸಿಕೊಂಡಿದ್ದ ಮುದುಕನು ಎಲ್ಲಿ ಹೋದನೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.

ರೂಪವರ್ಣನೆಯೇ ಕೂಡದೆಂದು ನಮ್ಮ ವಾದವಲ್ಲ. ಕಾರ್ಕೋಟಕನು ಕಚ್ಚಿ ನಳನು ವಿಕಾರರೂಪದ ಬಾಹುಕನಾದುದನ್ನು ಹೇಳದಿದ್ದರೆ ದಮಯಂತಿಯು ಅವನನ್ನು ಗುರುತಿಸುವ ಕಥೆಯೇ ಇಲ್ಲ. ಅಲ್ಲಿ ರೂಪವೇ ಕಥೆ.

ನಮ್ಮನ್ನು ಬಾಧಿಸುವುದು ಮೈಬಣ್ಣದ ಮಾತು. ನಾಯಿಕೆಯಾದರೆ ಹಾಲಿನ ಬಿಳುಪು, ಜಗಳಗಂಟಿಯಾದರೆ ಕಪ್ಪು. ಇದು ಎಷ್ಟೋ ಕಥೆಗಾರರಿಗೆ ಕೈರೂಢಿ. ಬರೆಯುವವರಿಗೆ ಅರ್ಧ ಸಾಲಿನ ಶ್ರಮ. ಅದೇ ಪುಸ್ತಕವನ್ನು ಮನೆಯ ಹೆಣ್ಣುಮಕ್ಕಳು ಓದುವರೆಂಬುದು ಅವರಿಗೆ ಹೊಳೆಯುವುದಿಲ್ಲ. ಕಳೆದ ಬೇಸಗೆಯಲ್ಲಿ ನಮ್ಮ ಮೊಮ್ಮಗಳು ಕಾದಂಬರಿಯೊಂದನ್ನು ಓದಿ ಮುಗಿಸಿ, “ತಾತ, ಇದರಲ್ಲಿ ನನ್ನ ಬಣ್ಣದವಳು ಮುಸುರೆ ತಿಕ್ಕುವವಳು ಒಬ್ಬಳೇ” ಎಂದಳು. ಅಳುಮೋರೆಯಿಂದಲ್ಲ, ಲೆಕ್ಕ ಒಪ್ಪಿಸುವಂತೆ ಹೇಳಿದಳು. ನಮಗೆ ಉತ್ತರ ತೋಚಲಿಲ್ಲ. ಬೀರುವಿನಿಂದ ಇನ್ನೂ ನಾಲ್ಕು ಪುಸ್ತಕಗಳನ್ನು ತೆಗೆದು ಇಬ್ಬರೂ ಕುಳಿತು ಮೊದಲ ಪುಟಗಳನ್ನು ನೋಡಿದೆವು. ಮೂರರಲ್ಲಿ ನಾಯಿಕೆ ಬೆಳ್ಳಗಿದ್ದಳು. ನಾಲ್ಕನೆಯದರಲ್ಲಿ ಬಣ್ಣದ ಮಾತೇ ಇರಲಿಲ್ಲ. ಅದನ್ನು ಓದಲು ತೆಗೆದುಕೊಂಡು ಹೋದಳು.