ಕೈಮಾತು ಕಲಿತ ವಾಶೋ

ಚಿಂಪಾಂಜಿಗೆ ಬಾಯಿಮಾತು ಕಲಿಸಬೇಕೆಂದು ಅಮೆರಿಕೆಯ ಹೇಸ್ ದಂಪತಿಗಳು ಹಿಂದೊಮ್ಮೆ ವರುಷಗಟ್ಟಲೆ ಹೆಣಗಿದ್ದರು. ವಿಕಿ ಎಂಬ ಆ ಮರಿ ಕಡೆಗೂ ನುಡಿದದ್ದು ‘ಮಾಮಾ’, ‘ಪಾಪಾ’, ‘ಕಪ್’ ಮೊದಲಾದ ನಾಲ್ಕೇ ಶಬ್ದಗಳನ್ನು. ಅಲನ್ ಮತ್ತು ಬಿಯಾಟ್ರಿಕ್ಸ್ ಗಾರ್ಡನರ್ ಎಂಬ ವಿದ್ವಾಂಸ ದಂಪತಿಗಳು ಇದಕ್ಕೆ ಬೇರೊಂದು ಅರ್ಥ ಕಂಡರು: ಸೋತದ್ದು ಆ ಪ್ರಾಣಿಯ ಗಂಟಲೇ ಹೊರತು ಬುದ್ಧಿಯಲ್ಲದಿರಬಹುದು, ಕೈಗಳಾದರೋ ಬಹು ಚುರುಕು! ಹೀಗೆ ಯೋಚಿಸಿ ಅವರು 1966ರಲ್ಲಿ ನೆವಾಡಾ ಸಂಸ್ಥಾನದ ರೀನೋ ಪಟ್ಟಣಕ್ಕೆ ತಂದ ಹೆಣ್ಣುಮರಿಯೇ ವಾಶೋ.

ಪಶ್ಚಿಮ ಆಫ್ರಿಕೆಯಲ್ಲಿ ಹುಟ್ಟಿದ ಆ ಮರಿಯನ್ನು ಬಾಹ್ಯಾಕಾಶದ ಪ್ರಯೋಗಗಳಿಗಾಗಿ ಅಮೆರಿಕೆಯ ವಾಯುಪಡೆ ತರಿಸಿಕೊಂಡಿತ್ತು. ಹಸುಗೂಸನ್ನು ಕಾಡಿನಿಂದ ಹಾಗೆ ಹಿಡಿದು ತರುವುದನ್ನು ವಿಜ್ಞಾನದ ಹೆಸರಿನಲ್ಲಿಯೂ ನಾವು ಒಪ್ಪಲಾರೆವು. ರೀನೋದಲ್ಲಿ ಅದರೆದುರು ಯಾರೂ ಬಾಯಿಬಿಟ್ಟು ಮಾತನಾಡಕೂಡದು; ಅಲ್ಲಿಯ ಕಿವುಡರ ಸಂಜ್ಞಾಭಾಷೆಯಲ್ಲಿಯೇ ಊಟ, ಆಟ, ಗದರಿಕೆ ಎಲ್ಲವೂ ನಡೆಯಬೇಕು. ಕಚಗುಳಿಯ ಆಟ ನಿಂತರೆ ಎರಡು ಕೈಗಳನ್ನು ಕೂಡಿಸಿ ‘ಇನ್ನೂ’ ಎಂದು ಕೇಳಲು ಕಲಿತ ವಾಶೋ, ನಾಲ್ಕು ವರುಷಗಳಲ್ಲಿ ಸುಮಾರು 130 ಸಂಜ್ಞೆಗಳನ್ನು ಬಲ್ಲವಳಾದಳು. (ಇನ್ನು ‘ಅದು’ ಎನ್ನಲು ನಮಗೆ ಮನಸ್ಸು ಬಾರದು.) ಭಾಷೆಯರಿಯದ ಊರಿನಲ್ಲಿ ಬಂದಿಳಿದ ನಮ್ಮ ವಾಚಕರಿಗೆ ಮೊದಲ ಸನ್ನೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1970ರಲ್ಲಿ ಆಕೆಯನ್ನು ಒಕ್ಲಹೋಮಾಕ್ಕೆ ಕರೆದೊಯ್ದರು. ರೋಜರ್ ಫೌಟ್ಸ್ ಎಂಬ ಶಿಷ್ಯ ಜೊತೆಗೆ ಹೋದರು. ಅಲ್ಲಿ ನೀರಿನಲ್ಲಿದ್ದ ಹಂಸವನ್ನು ತೋರಿಸಿ ‘ಅದೇನು?’ ಎಂದು ಕೇಳಿದಾಗ ಅವಳ ಕೈ ‘ನೀರು’, ‘ಹಕ್ಕಿ’ ಎಂದಿತು. ಹೊಸ ಪದ ಕಟ್ಟಿದಳೆಂದು ಕೆಲವರು ಹಿಗ್ಗಿದರು. ನೀರನ್ನೂ ಹಕ್ಕಿಯನ್ನೂ ಬೇರೆಬೇರೆಯಾಗಿ ಹೆಸರಿಸಿದಳೆಂದು ಕೆಲವರು ವಾದಿಸಿದರು. ನಿಮ್ ಎಂಬ ಚಿಂಪಾಂಜಿಯನ್ನು ಪಳಗಿಸಿದ ಹರ್ಬರ್ಟ್ ಟೆರೇಸ್ ಅವರಂತೂ, ವಾನರಗಳು ಮಾಡುವುದು ಬಹುಮಟ್ಟಿಗೆ ಅನುಕರಣೆಯೇ, ಅದರಲ್ಲಿ ವ್ಯಾಕರಣವಿಲ್ಲವೆಂದು 1979ರಲ್ಲಿ ಸಾರಿದರು. ವ್ಯಾಕರಣದ ಮಟ್ಟಿಗೆ ಟೆರೇಸ್ ಅವರ ಮಾತಿನಲ್ಲಿ ತಥ್ಯವಿದೆಯೆಂದೇ ನಮ್ಮ ಎಣಿಕೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ.

ಅದೇ 1979ರಲ್ಲಿ ವಾಶೋಳ ಹಸುಳೆ ತೀರಿಕೊಂಡಿತು. ಅವಳ ಶೋಕವನ್ನು ನೋಡಲಾರದೆ ಫೌಟ್ಸ್ ಹತ್ತು ತಿಂಗಳ ಲೂಲಿಸ್ ಎಂಬ ಗಂಡುಮರಿಯನ್ನು ತಂದರು. ‘ಮಗು, ನನ್ನ ಮಗು’ ಎಂದು ಕುಣಿದವಳು, ಬಂದದ್ದು ತನ್ನದಲ್ಲವೆಂದು ಕಂಡೊಡನೆ ತಣ್ಣಗಾದಳು. ಬೆಳಗಾಗುವುದರೊಳಗೆ ಮರಿ ಅವಳ ಮಡಿಲಿನಲ್ಲಿತ್ತು. ಲೂಲಿಸನ ಎದುರು ಮನುಷ್ಯರು ಏಳು ಸಂಜ್ಞೆಗಳ ಹೊರತು ಬೇರೇನನ್ನೂ ಮಾಡಬಾರದೆಂದು ಕಟ್ಟು ಮಾಡಿದ್ದರು. ಆದರೂ ಸಾಕುತಾಯಿಯಿಂದಲೂ ಜೊತೆಯ ಚಿಂಪಾಂಜಿಗಳಿಂದಲೂ ಅವನು ಐವತ್ತರಷ್ಟು ಸಂಜ್ಞೆಗಳನ್ನು ಕಲಿತ. ಒಮ್ಮೆ ವಾಶೋ ಅವನ ಕೈಹಿಡಿದು ‘ಆಹಾರ’ ಎಂಬ ಸಂಜ್ಞೆಯನ್ನು ತಾನೇ ತಿದ್ದಿಸಿದಳು.

1980ರಲ್ಲಿ ತಾಯಿಮಗ ವಾಷಿಂಗ್ಟನ್ ಸಂಸ್ಥಾನದ ಎಲೆನ್ಸ್‌ಬರ್ಗಿಗೆ ಬಂದರು. ಅಲ್ಲಿಯ ಪರಿಚಾರಿಕೆಯೊಬ್ಬಳು ಗರ್ಭಸ್ರಾವವಾಗಿ ಹಲವು ದಿನ ಕೆಲಸಕ್ಕೆ ಬರಲಿಲ್ಲ. ಮರಳಿ ಬಂದಾಗ ವಾಶೋ ಮುನಿಸಿಕೊಂಡು ಮುಖ ತಿರುಗಿಸಿದಳಂತೆ. ‘ನನ್ನ ಮಗು ಸತ್ತಿತು’ ಎಂದು ಆಕೆ ಕೈಯಲ್ಲಿ ಹೇಳಿದಳು. ವಾಶೋ ನೆಲ ನೋಡಿದಳು. ಬಳಿಕ ಆಕೆಯ ಕಣ್ಣುಗಳನ್ನು ದಿಟ್ಟಿಸಿ, ಬೆರಳನ್ನು ಕೆನ್ನೆಯ ಮೇಲೆ ಕಣ್ಣೀರಿನಂತೆ ಇಳಿಸಿ ‘ಅಳು’ ಎಂದಳು. ಇದನ್ನು ಫೌಟ್ಸ್ ಬರೆದಿಟ್ಟಿದ್ದಾರೆ.

2007ರ ಅಕ್ಟೋಬರ್ 30ರಂದು, 42ರ ವಯಸ್ಸಿನಲ್ಲಿ, ವಾಶೋ ಎಲೆನ್ಸ್‌ಬರ್ಗಿನಲ್ಲಿಯೇ ತೀರಿಕೊಂಡಳು. ಲೂಲಿಸನನ್ನು 2013ರಲ್ಲಿ ಕೆನಡಾದ ಆಶ್ರಯಧಾಮವೊಂದಕ್ಕೆ ಸಾಗಿಸಿದರು.