ಇತಿಹಾಸದ ಟೀಚರಿಗೂ ಪಾಠ!

ನಮ್ಮ ಮಕ್ಕಳಿಗೆ ಅಮೆರಿಕದ ಇತಿಹಾಸ ಹೇಳಿಕೊಡುವ ಟೀಚರುಗಳು ತಾವೂ ಕಲಿಯುತ್ತಿರುತ್ತಾರೆ. 1994ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಗಿಲ್ಡರ್ ಲೆರ್ಮನ್ ಸಂಸ್ಥೆ ಅವರಿಗಾಗಿ ತರಗತಿಗಳನ್ನು ನಡೆಸುತ್ತದೆ. ನ್ಯಾಷನಲ್ ಆರ್ಕೈವ್ಸ್ 'ಡಾಕ್ಸ್‌ಟೀಚ್' ಮೂಲಕ ಮೂಲ ದಾಖಲೆಗಳನ್ನು ಪುಕ್ಕಟೆಯಾಗಿ ಕೊಡುತ್ತದೆ. ಹಳೆಯ ಕಾಗದವನ್ನೇ ಮಕ್ಕಳ ಮುಂದಿಟ್ಟು, 'ಬರೆದವರು ಯಾರು? ಯಾಕೆ ಬರೆದರು?' ಎಂದು ಕೇಳುವ ಪದ್ಧತಿ ಇದು. ಕೋಡ್ ಬರೆಯುವ ನನಗೆ ಹಿಡಿಸಿತು. ಸೋರ್ಸ್ ನೋಡದೆ ನಂಬಬೇಡ ಅಂತ ನಾವೂ ಹೇಳುತ್ತೇವಲ್ಲ!

ಇದರಲ್ಲಿ ನಮ್ಮವರ ಕಥೆಯೂ ಇದೆ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂಡ್ ಅವರಿಗೆ, 'ಬಿಳಿಯರಲ್ಲ' ಎಂಬ ಕಾರಣಕ್ಕೆ, 1923ರಲ್ಲಿ ಸುಪ್ರೀಂ ಕೋರ್ಟ್ ಪೌರತ್ವ ಇಲ್ಲವೆಂದಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರ ಲೂಸ್-ಸೆಲ್ಲರ್ ಕಾಯ್ದೆ. ವಲಸೆಗೆ ಮಾತ್ರ ವರ್ಷಕ್ಕೆ 100 ಜನರ ಮಿತಿ. ಮುಂದಿನ ಸಲ ಟೀಚರನ್ನು ಭೇಟಿಯಾದಾಗ ಮಾರ್ಕ್ಸಿನ ಜೊತೆಗೆ ಈ ತೀರ್ಪಿನ ವಿಷಯವನ್ನೂ ಎತ್ತಿ ನೋಡಿ.